ಶ್ರೀಶೈಲದ ಪಾದಯಾತ್ರೆ: ಹೊರಡುವ ಮೊದಲು ಏಳು ವಾರ

ಯುಗಾದಿ ಸಮೀಪಿಸುತ್ತಿದ್ದಂತೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮುಂತಾದ ಜಿಲ್ಲೆಗಳ ಹಳ್ಳಿಹಳ್ಳಿಗಳಿಂದ ಸಾವಿರಾರು ಜನರು ಮಲ್ಲಯ್ಯನ ಕಂಬಿಯೊಡನೆ ಶ್ರೀಶೈಲದತ್ತ ಹೆಜ್ಜೆ ಹಾಕುತ್ತಾರೆ. ಹನ್ನೆರಡನೆಯ ಶತಮಾನದ ಅಕ್ಕಮಹಾದೇವಿಯ ಹೆಸರಿನೊಡನೆ ಬೆಸೆದಿರುವ ಈ ದಾರಿ ಕನ್ನಡಿಗರಿಗೆ ಹೊಸದಲ್ಲ. ರಾಯಚೂರು ದಾಟಿ, ಕರ್ನೂಲು, ಆತ್ಮಕೂರುಗಳ ಮೇಲೆ ಹಾದು, ವೆಂಕಟಾಪುರದ ಬಳಿ ನಲ್ಲಮಲ ಕಾಡನ್ನು ಹೊಕ್ಕು, ನಾಗಲೂಟಿ, ಪೆದ್ದಚೆರುವು, ಭೀಮನಕೊಳ್ಳಗಳ ಮೂಲಕ ಮಲ್ಲಿಕಾರ್ಜುನನ ಸನ್ನಿಧಿಯನ್ನು ಸೇರಬೇಕು. ವಿಜಯಪುರದಿಂದ ಹೊರಟವರಿಗೆ ಇದು 400 ಕಿಲೋಮೀಟರಿಗೂ ಮಿಕ್ಕಿದ ದಾರಿ. ದಿನಕ್ಕೆ 30ರಿಂದ 40 ಕಿ.ಮೀ.ನಂತೆ ನಡೆದರೂ ಹತ್ತು ಹದಿನೈದು ದಿನಗಳ ಪ್ರಯಾಣ.

ಹರಕೆ ಹೊರುವುದು ಒಂದು ಕ್ಷಣದ ಕೆಲಸ. ಆದರೆ ಅದನ್ನು ತೀರಿಸುವ ಕಾಲುಗಳು ಒಂದು ಕ್ಷಣದಲ್ಲಿ ಸಿದ್ಧವಾಗುವುದಿಲ್ಲ. ಪಾದಯಾತ್ರೆಯಲ್ಲಿ ಜನರು ಹಾಸಿಗೆ ಹಿಡಿಯುವುದು, ಕೆಲವೊಮ್ಮೆ ಪ್ರಾಣ ಕಳೆದುಕೊಳ್ಳುವುದು ಬಹುಪಾಲು ತಡೆಯಬಹುದಾದ ಕಾರಣಗಳಿಂದ. ಸಿದ್ಧತೆಯಿಲ್ಲದ ದೇಹ, ನೀರು ಉಪ್ಪುಗಳ ಕೊರತೆ, ಬಿಸಿಲು, ನಿರ್ಲಕ್ಷಿಸಿದ ಗಾಯ, ಸಿಕ್ಕಸಿಕ್ಕ ನೋವಿನ ಮಾತ್ರೆ ಮತ್ತು ಕತ್ತಲೆಯ ರಸ್ತೆ ಇವುಗಳಲ್ಲಿ ಮುಖ್ಯವಾದವು. ಒಂದೊಂದನ್ನೇ ನೋಡೋಣ.

ಹೊಲದಲ್ಲಿ ದುಡಿಯುವವರಿಗೂ ಅಭ್ಯಾಸ ಬೇಕೆ?

“ನಾವು ದಿನವಿಡೀ ಹೊಲದಲ್ಲಿ ದುಡಿಯುವವರು, ನಮಗೆ ನಡೆಯುವುದನ್ನು ಯಾರು ಕಲಿಸಬೇಕು?” ಎಂದು ಹಲವರು ಕೇಳುತ್ತಾರೆ. ಪ್ರಶ್ನೆ ಸಹಜವಾದದ್ದೇ. ಆದರೆ ಹೊಲದ ಕೆಲಸದಲ್ಲಿ ಬಗ್ಗುವುದು, ಏಳುವುದು, ಕೂರುವುದು ಎಲ್ಲ ಬೆರೆತಿರುತ್ತದೆ. ನೆಲವೂ ಮೆತ್ತಗಿರುತ್ತದೆ. ಡಾಂಬರು ರಸ್ತೆಯ ಮೇಲೆ 35 ಕಿ.ಮೀ. ನಡೆದರೆ ಸುಮಾರು 50,000 ಹೆಜ್ಜೆಗಳಾಗುತ್ತವೆ. ಪ್ರತಿ ಹೆಜ್ಜೆಯಲ್ಲೂ ಇಡೀ ದೇಹದ ಭಾರ ಅದೇ ಹಿಮ್ಮಡಿ, ಅದೇ ಮೊಣಕಾಲು, ಅದೇ ಮೂಳೆಯ ಮೇಲೆ ಬೀಳುತ್ತದೆ.

ಇಲ್ಲಿ ತಿಳಿಯಬೇಕಾದ ಮುಖ್ಯ ಸಂಗತಿಯೊಂದಿದೆ. ಅಭ್ಯಾಸ ಆರಂಭಿಸಿದ ಎರಡು ಮೂರು ವಾರಗಳಲ್ಲೇ ಉಸಿರು ಹದಕ್ಕೆ ಬರುತ್ತದೆ, ಏದುಸಿರು ಕಡಿಮೆಯಾಗುತ್ತದೆ. ಮಾಂಸಖಂಡಗಳು ಗಟ್ಟಿಯಾಗಲು ಇನ್ನೂ ಕೆಲವು ವಾರ ಬೇಕು. ಮಾಂಸಖಂಡವನ್ನು ಮೂಳೆಗೆ ಬಿಗಿಯುವ ನಾರುಗಳು ಮತ್ತು ಮೂಳೆಗಳು ಎಲ್ಲಕ್ಕಿಂತ ನಿಧಾನ. “ದಮ್ಮು ಇದೆ, ಇನ್ನೂ ನಡೆಯಬಲ್ಲೆ” ಎಂದು ಮೊದಲ ಮೂರು ದಿನ ಬಿರುಸಾಗಿ ನಡೆದವರು ನಾಲ್ಕನೆಯ ದಿನ ಕಾಲೆಳೆಯುವುದು ಈ ಕಾರಣದಿಂದಲೇ. ಹುರಿಗಾಲಿನ ಮೂಳೆಯ ಮೇಲೆ ಒಂದೇ ಕಡೆ ಬೆರಳಿಟ್ಟರೆ ಚುರ್ರೆನ್ನುವ ನೋವು ಬಂದರೆ, ಅಲ್ಲಿ ಮೂಳೆ ಸೂಕ್ಷ್ಮವಾಗಿ ಬಿರುಕು ಬಿಟ್ಟಿರುವ ಸಂಭವವಿದೆ. ಇದು ತಿಕ್ಕಿಸಿಕೊಂಡು ನಡೆಯುವ ನೋವಲ್ಲ.

ಏಳು ವಾರಗಳ ಕ್ರಮ

ಸಂಕ್ರಾಂತಿಯ ಎಳ್ಳು ಬೆಲ್ಲ ಹಂಚಿದ ಮಾರನೆಯ ದಿನವೇ ಅಭ್ಯಾಸ ಆರಂಭಿಸಿದರೆ, ಯುಗಾದಿ ಬೇಗ ಬರುವ ವರ್ಷದಲ್ಲೂ ಹೊರಡುವ ಹೊತ್ತಿಗೆ ಸುಮಾರು ಏಳು ವಾರ ಸಿಗುತ್ತವೆ.

ಮೊದಲ ಎರಡು ವಾರ: ವಾರಕ್ಕೆ ಐದು ದಿನ, ದಿನಕ್ಕೆ 30ರಿಂದ 45 ನಿಮಿಷ. ಮಾತನಾಡುತ್ತ ನಡೆಯಲು ಸಾಧ್ಯವಾಗುವಷ್ಟು ವೇಗವಿದ್ದರೆ ಸಾಕು.

ಮೂರು ಮತ್ತು ನಾಲ್ಕನೆಯ ವಾರ: ನಾಲ್ಕು ದಿನ ಒಂದೊಂದು ಗಂಟೆ. ಐದನೆಯ ದಿನ 8ರಿಂದ 10 ಕಿ.ಮೀ.

ಐದನೆಯ ವಾರ: ಒಂದು ದಿನ 15 ಕಿ.ಮೀ. ಯಾತ್ರೆಯಲ್ಲಿ ಹೊರುವ ಚೀಲವನ್ನು ಈಗಲೇ ಹೆಗಲಿಗೇರಿಸಿ.

ಆರನೆಯ ವಾರ: ಎರಡು ದಿನ ಸತತವಾಗಿ 18ರಿಂದ 20 ಕಿ.ಮೀ. ನಿಜವಾದ ಪರೀಕ್ಷೆ ಎರಡನೆಯ ದಿನದ್ದು. ನಿನ್ನೆಯ ದಣಿವಿನ ಮೇಲೆ ಇಂದು ನಡೆದಾಗಲೇ ಪಾದರಕ್ಷೆಯ ದೋಷ, ಮೊಣಕಾಲಿನ ದೌರ್ಬಲ್ಯ ಬಯಲಾಗುತ್ತದೆ.

ಏಳನೆಯ ವಾರ: ದಿನಕ್ಕೆ ಅರ್ಧ ಗಂಟೆ ಸಾಕು. ದೇಹಕ್ಕೆ ವಿಶ್ರಾಂತಿ ಕೊಡಿ.

ಇದರ ಜೊತೆಗೆ ವಾರಕ್ಕೆರಡು ದಿನ ಮೆಟ್ಟಿಲು ಹತ್ತಿ ಇಳಿಯಿರಿ. ಕಾಡಿನ ದಾರಿಯಲ್ಲಿ ಭೀಮನಕೊಳ್ಳದ ಕಣಿವೆಗೆ ಇಳಿದು ಮತ್ತೆ ಕೈಲಾಸದ್ವಾರದವರೆಗೆ ಏರಬೇಕಾಗುತ್ತದೆ. ಹತ್ತುವುದು ಎದೆಗೆ ಕಷ್ಟ, ಇಳಿಯುವುದು ಮೊಣಕಾಲಿಗೆ ಕಷ್ಟ. ಕೊನೆಯ ಎರಡು ವಾರಗಳ ಅಭ್ಯಾಸದಲ್ಲಿ ದಿನಕ್ಕೆ ಸ್ವಲ್ಪ ಹೊತ್ತು ಬೆಳಗಿನ ಒಂಬತ್ತರ ಎಳೆ ಬಿಸಿಲಿನಲ್ಲೂ ನಡೆಯಿರಿ. ಬೆವರಿ ದೇಹವನ್ನು ತಂಪಾಗಿಡುವುದನ್ನು ಶರೀರ ಕಲಿಯಲು ಹತ್ತರಿಂದ ಹದಿನಾಲ್ಕು ದಿನ ಹಿಡಿಯುತ್ತದೆ.

ವೈದ್ಯರನ್ನು ಕಾಣಬೇಕಾದವರು

ನಲವತ್ತೈದು ವರ್ಷ ಮೀರಿದವರು, ಮಧುಮೇಹ, ರಕ್ತದೊತ್ತಡ, ಹೃದ್ರೋಗ, ಮೂತ್ರಪಿಂಡದ ತೊಂದರೆ, ಉಬ್ಬಸ ಇರುವವರು, ಗರ್ಭಿಣಿಯರು ಅಭ್ಯಾಸ ಆರಂಭಿಸುವ ಮೊದಲೇ ವೈದ್ಯರನ್ನು ಕಾಣಬೇಕು. ಹೊರಡುವ ಹಿಂದಿನ ದಿನ ಕಂಡರೆ ಪ್ರಯೋಜನವಿಲ್ಲ. ನಡೆಯುವಾಗ ಎದೆ ಬಿಗಿದು, ನಿಂತರೆ ಕಡಿಮೆಯಾಗುವ ಅನುಭವ ಒಮ್ಮೆಯಾದರೂ ಆಗಿದ್ದರೆ ಅದನ್ನು ವಾಯುವೆಂದು ತಳ್ಳಿಹಾಕದೆ ವೈದ್ಯರಿಗೆ ತಿಳಿಸಿ. ಧನುರ್ವಾಯು ಚುಚ್ಚುಮದ್ದು ಹಾಕಿಸಿಕೊಂಡು ಹತ್ತು ವರ್ಷ ಕಳೆದಿದ್ದರೆ ಈಗ ಮತ್ತೊಮ್ಮೆ ಹಾಕಿಸಿಕೊಳ್ಳಿ.

ರಕ್ತದೊತ್ತಡಕ್ಕೆ ಕೊಡುವ ಕೆಲವು ಮಾತ್ರೆಗಳು ಮೂತ್ರವನ್ನು ಹೆಚ್ಚಿಸುತ್ತವೆ. ಬಿಸಿಲಿನ ನಡಿಗೆಯಲ್ಲಿ ಅವುಗಳ ಪ್ರಮಾಣ ಬದಲಿಸಬೇಕೆ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ಯಾತ್ರೆ ಮುಗಿಯುವವರೆಗೆ ಮಾತ್ರೆ ಬೇಡವೆಂದು ನೀವೇ ನಿಲ್ಲಿಸಿಬಿಡುವುದು ಅಪಾಯಕರ.

ಪಾದಗಳ ಆರೈಕೆ

ಹೊಸ ಪಾದರಕ್ಷೆಯಲ್ಲಿ ಯಾತ್ರೆ ಹೊರಡಬೇಡಿ. ಕನಿಷ್ಠ ಒಂದು ತಿಂಗಳು ಧರಿಸಿ ನಡೆದಾಡಿದ ಜೋಡೇ ಆಗಬೇಕು. ಕೊಳ್ಳುವುದಾದರೆ ಸಂಜೆ ಕೊಳ್ಳಿ, ಏಕೆಂದರೆ ದಿನವಿಡೀ ಓಡಾಡಿದ ಮೇಲೆ ಪಾದ ಸ್ವಲ್ಪ ಊದಿಕೊಂಡಿರುತ್ತದೆ. ಹೆಬ್ಬೆರಳಿನ ಮುಂದೆ ಒಂದು ಬೆರಳಿನ ಅಗಲದಷ್ಟು ಜಾಗವಿರಲಿ. ಕಾಲುಚೀಲ ಕನಿಷ್ಠ ಮೂರು ಜೊತೆ ಬೇಕು. ಬೆವರಿನಿಂದ ಒದ್ದೆಯಾದ ಕೂಡಲೇ ಬದಲಿಸಿ, ಒದ್ದೆಯಾದದ್ದನ್ನು ಚೀಲದ ಹೊರಗೆ ಸಿಕ್ಕಿಸಿ ಒಣಗಿಸಬಹುದು. ಉಗುರುಗಳನ್ನು ಹೊರಡುವ ನಾಲ್ಕೈದು ದಿನ ಮೊದಲೇ ನೇರವಾಗಿ ಕತ್ತರಿಸಿಕೊಳ್ಳಿ.

ಬೊಬ್ಬೆ ಏಳುವುದು ತೇವ ಮತ್ತು ಉಜ್ಜುವಿಕೆಯಿಂದ. ಅದು ಏಳುವ ಮೊದಲು ಆ ಜಾಗ ಕೆಂಪಾಗಿ ಬಿಸಿಯಾಗುತ್ತದೆ. ಆಗಲೇ ನಿಂತು ಪಾದ ಒರೆಸಿ, ಆ ಜಾಗಕ್ಕೆ ಅಂಟುಪಟ್ಟಿ ಹಚ್ಚಿದರೆ ಬೊಬ್ಬೆಯನ್ನು ತಡೆಯಬಹುದು. “ಮುಂದಿನ ಊರಿನಲ್ಲಿ ನೋಡಿದರಾಯಿತು” ಎಂದುಕೊಂಡರೆ ತಡವಾಗುತ್ತದೆ. ಸಣ್ಣ ಬೊಬ್ಬೆಯನ್ನು ಒಡೆಯಬಾರದು. ನಡೆಯಲಾಗದಷ್ಟು ದೊಡ್ಡದಾಗಿದ್ದರೆ ಸೋಪಿನಿಂದ ತೊಳೆದು, ಹೊಸ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರನ್ನು ಹೊರಗೆ ಬಿಡಬಹುದು. ಮೇಲಿನ ಚರ್ಮ ಕೀಳದೆ ಶುಭ್ರ ಪಟ್ಟಿ ಕಟ್ಟಬೇಕು. ಬೊಬ್ಬೆಯೊಳಗೆ ದಾರ ಪೋಣಿಸಿ ಬಿಟ್ಟರೆ ಅದೇ ದಾರದ ಮೂಲಕ ಸೋಂಕು ಒಳಹೋಗುತ್ತದೆ. ತೊಡೆಸಂದಿಗೆ ದಿನವೂ ಬೆಳಿಗ್ಗೆ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್ ಹಚ್ಚಿಕೊಂಡರೆ ಅಲ್ಲಿ ಚರ್ಮ ಸುಲಿಯುವುದಿಲ್ಲ.

ಬರಿಗಾಲಿನ ಹರಕೆ ಹೊತ್ತವರು ಅಭ್ಯಾಸವನ್ನೂ ಬರಿಗಾಲಿನಲ್ಲೇ, ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುತ್ತ ಮಾಡಬೇಕು. ಬೇಸಿಗೆಯ ಮಧ್ಯಾಹ್ನ ಡಾಂಬರಿನ ಬಿಸಿ 60 ಡಿಗ್ರಿ ಸೆಲ್ಸಿಯಸ್ ಮುಟ್ಟಬಲ್ಲದು. ಅದರ ಮೇಲೆ ಕೆಲವೇ ನಿಮಿಷದಲ್ಲಿ ಅಂಗಾಲು ಸುಡುತ್ತದೆ. ಆ ಹೊತ್ತಿನಲ್ಲಿ ಅವರು ನಡೆಯಲೇಬಾರದು.

ಮಧುಮೇಹಿಗಳಿಗೆ ವಿಶೇಷ ಎಚ್ಚರಿಕೆ

ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ ಇರುವ ಐವತ್ತೈದರ ರೈತರೊಬ್ಬರು ಬರಿಗಾಲಿನಲ್ಲಿ ಹೊರಟಿದ್ದಾರೆಂದು ಇಟ್ಟುಕೊಳ್ಳಿ. ಜೊತೆಯವರು ಬಿಸಿಗೆ ಕಾಲೆತ್ತಿ ಕುಣಿಯುವಾಗ ಅವರು ಆರಾಮಾಗಿ ನಡೆಯುತ್ತಾರೆ. “ಮಲ್ಲಯ್ಯನ ಕೃಪೆ, ಕಾಲು ಸುಡುತ್ತಲೇ ಇಲ್ಲ” ಎನ್ನುತ್ತಾರೆ. ಆದರೆ ಅವರ ಪಾದದ ನರಗಳು ಸ್ಪರ್ಶಜ್ಞಾನ ಕಳೆದುಕೊಂಡಿರಬಹುದು. ಸುಟ್ಟರೂ, ಮುಳ್ಳು ಚುಚ್ಚಿದರೂ ತಿಳಿಯುವುದಿಲ್ಲ. ಮೂರು ದಿನದ ಮೇಲೆ ವಾಸನೆ ಬಂದಾಗ ನೋಡಿದರೆ ಅಂಗಾಲಿನಲ್ಲಿ ಕೀವು ತುಂಬಿರುತ್ತದೆ. ಇಂಥ ಗಾಯವೇ ಮುಂದೆ ಬೆರಳನ್ನೋ ಪಾದವನ್ನೋ ಕತ್ತರಿಸುವವರೆಗೆ ಹೋಗಬಹುದು.

ಆದ್ದರಿಂದ ಮಧುಮೇಹಿಗಳು ಬರಿಗಾಲಿನಲ್ಲಿ ನಡೆಯಲೇಬಾರದು. ಪಾದದ ಸ್ಪರ್ಶಜ್ಞಾನವನ್ನು ವೈದ್ಯರಲ್ಲಿ ಮೊದಲೇ ಪರೀಕ್ಷಿಸಿಕೊಳ್ಳಿ. ದಿನವೂ ಸಂಜೆ ಸಣ್ಣ ಕನ್ನಡಿಯಲ್ಲಿ ಅಂಗಾಲು ನೋಡಿಕೊಳ್ಳಿ, ಇಲ್ಲವೇ ಜೊತೆಗಾರರಿಗೆ ತೋರಿಸಿ. ಬೊಬ್ಬೆಯನ್ನು ನೀವೇ ಚುಚ್ಚಿಕೊಳ್ಳಬೇಡಿ. ಮರಗಟ್ಟಿದ ಪಾದವನ್ನು ಬಿಸಿನೀರಿನಲ್ಲಿ ಅದ್ದಬೇಡಿ.

ದಿನವಿಡೀ ನಡೆದಾಗ ರಕ್ತದ ಸಕ್ಕರೆ ಕೆಳಗಿಳಿಯುತ್ತದೆ. ಎಂದಿನ ಪ್ರಮಾಣದ ಇನ್ಸುಲಿನ್ ಅಥವಾ ಕೆಲವು ಮಾತ್ರೆಗಳು ಆಗ ಹೆಚ್ಚಾಗಿಬಿಡಬಹುದು. ಕೈನಡುಕ, ತಣ್ಣನೆಯ ಬೆವರು, ಎದೆ ಹೊಡೆದುಕೊಳ್ಳುವುದು, ತಡವರಿಸುವ ಮಾತು ಇದರ ಲಕ್ಷಣಗಳು. ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು, ಹದಿನೈದು ನಿಮಿಷದಲ್ಲಿ ಸರಿಹೋಗದಿದ್ದರೆ ಮತ್ತೊಮ್ಮೆ ಕುಡಿಯಬೇಕು. ಬಳಿಕ ಏನಾದರೂ ತಿನ್ನಬೇಕು. ನಡಿಗೆ ಮತ್ತು ಉಪವಾಸ ಎರಡನ್ನೂ ಮಧುಮೇಹಿಗಳು ಒಟ್ಟಿಗೆ ಇಟ್ಟುಕೊಳ್ಳಬಾರದು. ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುವ ಡಾಪಾಗ್ಲಿಫ್ಲೋಜಿನ್‌ನಂಥ ಮಾತ್ರೆ ಸೇವಿಸುವವರು ಯಾತ್ರೆಯ ವಿಷಯವನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು, ಬಿಸಿಲಿನಲ್ಲಿ ಅದರಿಂದ ನೀರಿನ ಕೊರತೆ ಹೆಚ್ಚಬಹುದು. ಇನ್ಸುಲಿನ್ ಸೀಸೆಯನ್ನು ಚೀಲದಲ್ಲಿ ಬಿಸಿಲಿಗೆ ಒಡ್ಡದೆ, ತಂಡದ ಟ್ರ್ಯಾಕ್ಟರ್ ಅಥವಾ ಟೆಂಪೋದಲ್ಲಿ ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಗಡಿಗೆಯೊಳಗೆ, ನೀರು ತಾಗದಂತೆ ಇಡಬಹುದು.

ನೀರು, ಉಪ್ಪು, ಊಟ

ಬಿಸಿಲಿನಲ್ಲಿ ನಡೆಯುವಾಗ ಗಂಟೆಗೆ ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ, ಕೆಲವೊಮ್ಮೆ ಇನ್ನೂ ಹೆಚ್ಚು ಬೆವರು ಹೋಗುತ್ತದೆ. ಬೆವರಿನೊಡನೆ ಉಪ್ಪೂ ಹೋಗುತ್ತದೆ. ಬಾಯಾರಿದಾಗ ಒಮ್ಮೆಲೇ ಚೊಂಬು ನೀರು ಕುಡಿಯುವುದಕ್ಕಿಂತ, ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟದಂತೆ ಕುಡಿಯುವುದು ಒಳ್ಳೆಯದು. ಮೂತ್ರದ ಬಣ್ಣವೇ ನಿಮ್ಮ ಅಳತೆಗೋಲು. ತಿಳಿಹಳದಿಯಾಗಿದ್ದರೆ ಸರಿ, ಗಾಢವಾಗಿದ್ದರೆ ನೀರು ಸಾಲದು.

ಸಾದಾ ನೀರನ್ನೇ ಲೀಟರುಗಟ್ಟಲೆ ಕುಡಿಯುತ್ತಿದ್ದರೆ ರಕ್ತದಲ್ಲಿ ಉಪ್ಪಿನ ಅಂಶ ತೆಳುವಾಗಿ ತಲೆನೋವು, ವಾಂತಿ, ಮಂಕುತನ ಬರಬಹುದು. ಆದ್ದರಿಂದ ನಡುನಡುವೆ ಉಪ್ಪು ಹಾಕಿದ ಮಜ್ಜಿಗೆ, ಅಂಬಲಿ, ನಿಂಬೆಹಣ್ಣಿನ ಪಾನಕ ಅಥವಾ ಓ.ಆರ್.ಎಸ್. ಕುಡಿಯಿರಿ. ಓ.ಆರ್.ಎಸ್. ಪೊಟ್ಟಣವನ್ನು ಪೂರ್ತಿಯಾಗಿ, ಅದರ ಮೇಲೆ ಬರೆದಿರುವಷ್ಟೇ ನೀರಿನಲ್ಲಿ ಕದಡಬೇಕು. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಹಾ ಚಮಚ ಸಕ್ಕರೆ, ಅರ್ಧ ಸಮ ಚಹಾ ಚಮಚ ಉಪ್ಪು ಹಾಕಿ ಮಾಡಿಕೊಳ್ಳಬಹುದು. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯಿಂದ ನೀರಿನ ಮಿತಿ ಇರುವವರು ತಮ್ಮ ಪ್ರಮಾಣವನ್ನು ವೈದ್ಯರಿಂದಲೇ ತಿಳಿದುಕೊಳ್ಳಬೇಕು.

ದಾರಿಯುದ್ದಕ್ಕೂ ದಾಸೋಹಕ್ಕೆ ಕೊರತೆಯಿಲ್ಲ. ಬಿಸಿಯಾಗಿ ಬಡಿಸಿದ್ದನ್ನು ಮಿತವಾಗಿ ಉಣ್ಣಿ. ಹೊತ್ತಾದ ಅನ್ನ ಸಾರು, ಕತ್ತರಿಸಿಟ್ಟ ಹಣ್ಣು ಬೇಡ. ಜೋಳದ ಕಟಕರೊಟ್ಟಿ, ಶೇಂಗಾ ಚಟ್ನಿಪುಡಿ, ಬೆಲ್ಲ ಕೆಡದೆ ಉಳಿಯುವ, ಶಕ್ತಿ ಕೊಡುವ ಬುತ್ತಿ. ಊಟಕ್ಕೆ ಮುಂಚೆ ಸೋಪಿನಿಂದ ಕೈ ತೊಳೆಯುವುದನ್ನು ಮರೆಯಬಾರದು. ಕೆರೆ ಹಳ್ಳದ ನೀರನ್ನು ಕುದಿಸದೆ ಅಥವಾ ಕ್ಲೋರಿನ್ ಮಾತ್ರೆ ಹಾಕದೆ ಕುಡಿಯಬೇಡಿ.

ಬಿಸಿಲಿನ ಆಘಾತ

ಬೆಳಗಿನ ಜಾವ ನಾಲ್ಕಕ್ಕೆ ಹೊರಟು ಹತ್ತರೊಳಗೆ ನೆರಳು ಸೇರಿ. ಮತ್ತೆ ಸಂಜೆ ನಾಲ್ಕರ ಮೇಲೆ ನಡೆಯಿರಿ. ತಲೆಗೆ ಬಿಳಿಯ ರುಮಾಲು, ಮೈಗೆ ಸಡಿಲವಾದ ಹತ್ತಿಯ ಬಟ್ಟೆ ಇರಲಿ.

ಹೆಚ್ಚು ಬೆವರು, ತಲೆಸುತ್ತು, ವಾಕರಿಕೆ, ಮೀನಖಂಡದ ಸೆಳೆತ ಬಂದರೆ ದೇಹ ಬಳಲಿದೆ ಎಂದರ್ಥ. ನೆರಳಿನಲ್ಲಿ ಮಲಗಿಸಿ, ಕಾಲುಗಳನ್ನು ತುಸು ಎತ್ತರಿಸಿ, ಓ.ಆರ್.ಎಸ್. ಕುಡಿಸಿದರೆ ಚೇತರಿಕೆ ಕಾಣುತ್ತದೆ. ಆ ದಿನ ಮುಂದೆ ನಡೆಯಬಾರದು.

ಆದರೆ ಮೈ ಕಾದ ಹಂಚಿನಂತಾಗಿ, ಅಸಂಬದ್ಧವಾಗಿ ಮಾತನಾಡತೊಡಗಿದರೆ, ಮೂರ್ಛೆ ಅಥವಾ ಫಿಟ್ಸ್ ಬಂದರೆ ಅದು ಬಿಸಿಲಿನ ಆಘಾತ. ದೇಹದ ಒಳಗಿನ ಶಾಖ 40 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಬೆವರು ನಿಂತಿರಲೇಬೇಕೆಂದಿಲ್ಲ. ನಡೆಯುತ್ತಿದ್ದವರಲ್ಲಿ ಮೈ ಬೆವರುತ್ತಲೇ ಇರಬಹುದು. ಇಲ್ಲಿ ಒಂದೊಂದು ನಿಮಿಷವೂ ಮುಖ್ಯ. ಒಬ್ಬರು 108ಕ್ಕೆ ಕರೆ ಮಾಡುವಷ್ಟರಲ್ಲಿ ಉಳಿದವರು ನೆರಳಿಗೆ ಸಾಗಿಸಿ, ಬಟ್ಟೆ ಸಡಿಲಿಸಿ, ಕೊಡಗಟ್ಟಲೆ ತಣ್ಣೀರನ್ನು ಮೈಮೇಲೆ ಸುರಿದು ಗಾಳಿ ಬೀಸಬೇಕು. ಐಸ್ ಸಿಕ್ಕರೆ ಕತ್ತು, ಕಂಕುಳು, ತೊಡೆಸಂದಿಯಲ್ಲಿ ಇಡಬೇಕು. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬಾರದು. ಇದಕ್ಕೆ ಜ್ವರದ ಮಾತ್ರೆ ಕೆಲಸ ಮಾಡುವುದಿಲ್ಲ.

ನೋವಿನ ಮಾತ್ರೆಯ ಅಪಾಯ

ಕಾಲು ನೋವೆಂದು ಡೈಕ್ಲೋಫೆನಾಕ್, ಐಬುಪ್ರೊಫೇನ್ ಮುಂತಾದ ಮಾತ್ರೆ ನುಂಗಿ, ಚುಚ್ಚುಮದ್ದು ಹಾಕಿಸಿಕೊಂಡು ಮುಂದೆ ನಡೆಯುವವರಿದ್ದಾರೆ. ನೀರಿನ ಕೊರತೆಯಾದಾಗ ಮೂತ್ರಪಿಂಡಗಳಿಗೆ ರಕ್ತ ಕಡಿಮೆ ಹರಿಯುತ್ತದೆ. ಅದೇ ವೇಳೆಗೆ ಈ ಮಾತ್ರೆಗಳು ಅದನ್ನು ಇನ್ನಷ್ಟು ಕುಗ್ಗಿಸುತ್ತವೆ. ಹೀಗಾಗಿ ಆರೋಗ್ಯವಂತರ ಮೂತ್ರಪಿಂಡಗಳೂ ಹಠಾತ್ತನೆ ಕೈಕೊಡಬಹುದು. ಇನ್ನೊಂದು ಕೇಡೆಂದರೆ, “ನಿಲ್ಲು” ಎಂದು ದೇಹ ಹೇಳುವ ಮಾತನ್ನು ಮಾತ್ರೆ ಅಡಗಿಸಿಬಿಡುತ್ತದೆ. ನೋವಿಗೆ ಮೊದಲ ಮದ್ದು ವಿಶ್ರಾಂತಿ, ತಣ್ಣೀರಿನ ಪಟ್ಟಿ, ಕಾಲನ್ನು ಎತ್ತರದಲ್ಲಿಟ್ಟು ಮಲಗುವುದು. ಬೇಕೇ ಬೇಕಾದರೆ ಪ್ಯಾರಾಸಿಟಮಾಲ್ 500 ಮಿ.ಗ್ರಾಂ. ಮಾತ್ರೆಯನ್ನು ವೈದ್ಯರು ಹೇಳಿದ ಮಿತಿಯಲ್ಲಿ ಸೇವಿಸಬಹುದು. ಮೂತ್ರ ಕರಿ ಚಹಾದ ಬಣ್ಣಕ್ಕೆ ತಿರುಗಿದರೆ ಅಥವಾ ಅರ್ಧ ದಿನ ಮೂತ್ರವೇ ಆಗದಿದ್ದರೆ ತಕ್ಷಣ ಆಸ್ಪತ್ರೆ ಸೇರಿ.

ರಸ್ತೆಯಲ್ಲಿ, ಕಾಡಿನಲ್ಲಿ

ಕತ್ತಲೆಯಲ್ಲಿ ನಡೆಯುವಾಗ ಎದುರಿನಿಂದ ಬರುವ ವಾಹನ ಕಾಣುವಂತೆ ರಸ್ತೆಯ ಬಲ ಅಂಚಿನಲ್ಲಿ, ಒಬ್ಬರ ಹಿಂದೊಬ್ಬರು ನಡೆಯಿರಿ. ಬಿಳಿ ಬಟ್ಟೆ ಇರಲಿ, ಚೀಲಕ್ಕೂ ಕಂಬಿಗೂ ಬೆಳಕಿಗೆ ಹೊಳೆಯುವ ಪಟ್ಟಿ ಅಂಟಿಸಿ. ಸಾಲಿನ ಮೊದಲಿಗರ ಮತ್ತು ಕೊನೆಯವರ ಕೈಯಲ್ಲಿ ಬ್ಯಾಟರಿ ಇರಬೇಕು. ದಣಿವಾಯಿತೆಂದು ರಸ್ತೆಯ ಅಂಚಿನಲ್ಲೇ ಮಲಗುವುದು ಎಲ್ಲಕ್ಕಿಂತ ಅಪಾಯಕರ.

ನಲ್ಲಮಲ ಹುಲಿಗಳಿರುವ ಸಂರಕ್ಷಿತ ಕಾಡು. ಅರಣ್ಯ ಇಲಾಖೆ ಅನುಮತಿಸಿದ ದಿನಗಳಲ್ಲಿ, ಅನುಮತಿಸಿದ ದಾರಿಯಲ್ಲೇ, ಹಗಲಿನಲ್ಲಿ ಗುಂಪಾಗಿ ನಡೆಯಿರಿ. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಹಗ್ಗ ಕಟ್ಟುವುದು ಯಾವುದೂ ಬೇಡ. ಆ ಕಾಲನ್ನು ಅಲುಗಾಡದಂತೆ ಕೋಲು ಕಟ್ಟಿ, ನಡೆಸದೆ, ಹೊತ್ತುಕೊಂಡು ಆಸ್ಪತ್ರೆಗೆ ಸಾಗಿಸಿ.

ಯಾವಾಗ ನಿಲ್ಲಬೇಕು?

ಹೊರಡುವ ಮೊದಲೇ ತಂಡದ ಹಿರಿಯರು ಎಲ್ಲರನ್ನೂ ಕೂರಿಸಿಕೊಂಡು ಒಂದು ಮಾತು ಮಾಡಿಕೊಳ್ಳುವುದು ಒಳ್ಳೆಯದು. ಎದೆನೋವು, ವಿಪರೀತ ಉಬ್ಬಸ, ಮಂಪರು, ಕೀವಾದ ಗಾಯದೊಡನೆ ಜ್ವರ, ಹೆಜ್ಜೆ ಊರಲಾಗದ ನೋವು, ಕಪ್ಪು ಮೂತ್ರ, ಇವುಗಳಲ್ಲಿ ಯಾವುದೊಂದು ಕಂಡರೂ ಆ ವ್ಯಕ್ತಿ ವಾಹನ ಹತ್ತಬೇಕು, ಯಾರೂ ಅವರನ್ನು ಹೀಯಾಳಿಸಬಾರದು. ಈ ಒಪ್ಪಂದವಿಲ್ಲದಿದ್ದರೆ ಜನರು ನಾಚಿಕೆಯಿಂದ ತೊಂದರೆಯನ್ನು ಮುಚ್ಚಿಡುತ್ತಾರೆ. ಪ್ರತಿಯೊಬ್ಬರಿಗೂ ಒಬ್ಬ ಜೊತೆಗಾರರನ್ನು ಗೊತ್ತು ಮಾಡಿ. ಹೆಸರು, ಊರು, ಮನೆಯ ಫೋನ್ ಸಂಖ್ಯೆ, ಇರುವ ಕಾಯಿಲೆ, ಸೇವಿಸುವ ಮಾತ್ರೆಗಳನ್ನು ಬರೆದ ಚೀಟಿ ಎಲ್ಲರ ಜೇಬಿನಲ್ಲಿರಲಿ.

ಮರಳಿದ ಮೇಲೂ ಎರಡು ವಾರ ಎಚ್ಚರವಿರಲಿ. ಆರದ ಗಾಯ, ಜ್ವರ, ಮುಖ ಕಾಲುಗಳ ಊತ ಕಂಡರೆ ವೈದ್ಯರಿಗೆ ತೋರಿಸಿ. ಬಸ್ಸಿನಲ್ಲಿ ಬಹಳ ಹೊತ್ತು ಕುಳಿತು ಬಂದ ಮೇಲೆ ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರುವ ಸಂಭವವಿದೆ, ಅದನ್ನು ತಿಕ್ಕಿಸಬಾರದು.

ನಡೆಯುವ ಆಸೆಯಿದ್ದವರು ಸಂಕ್ರಾಂತಿಯಿಂದಲೇ ಅಭ್ಯಾಸಕ್ಕೆ ತೊಡಗಲಿ. ಈ ವರ್ಷ ಆ ಏಳು ವಾರ ಸಿಗದಿದ್ದರೆ, ಕೊನೆಯ ಎರಡು ಮೂರು ದಿನಗಳ ದಾರಿಯನ್ನಷ್ಟೇ ನಡೆದು, ಪೂರ್ತಿ ಯಾತ್ರೆಯನ್ನು ಬರುವ ಯುಗಾದಿಗೆ ಇಟ್ಟುಕೊಳ್ಳಬಹುದು. ಮಲ್ಲಯ್ಯನ ದರ್ಶನ ಮಾಡಿ ಮನೆಮಂದಿಯ ನಡುವೆ ಕ್ಷೇಮವಾಗಿ ಮರಳಿದಾಗಲೇ ಯಾತ್ರೆ ಪೂರ್ಣವಾದಂತೆ.